ಅತ್ತೆ ಕಚ್ಚಿದ ಮೀನು

ಅಚ್ಚುಕಟ್ಟುತನ ದೊಡ್ಡ ಗುಣವೆಂದು ಹೇಳಿದ ಮಹಾನುಭಾವರ ಮನೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಮೀನುಗಳು ಇದ್ದಿರಲಾರವು. ನನ್ನ ಮನೆಯಲ್ಲಿವೆ. ಬ್ಯಾರಮುಂಡಿ ಎಂಬ ದೊಡ್ಡ ನದಿಮೀನನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಬೆರಳುದ್ದದ ಹುಸಿಮೀನುಗಳು ಇವು. ಮುಟ್ಟಿದರೆ ಜೆಲ್ಲಿ, ಎಳೆದರೆ ರಬ್ಬರ್, ನೀರಿಗೆ ಬಿಟ್ಟು ದಾರ ಸುತ್ತಿದರೆ ಬಾಲ ಅಲ್ಲಾಡಿಸುವ ಸಾಕ್ಷಾತ್ ಮರಿಮೀನು. ಕೆಸರು ನೀರಿಗೊಂದು, ತಿಳಿನೀರಿಗೊಂದು, ಬಿಸಿಲಿಗೊಂದು, ಮೋಡಕ್ಕೊಂದು ಎಂದು ವರ್ಷಗಟ್ಟಲೆ ಸಂಗ್ರಹಿಸಿದ್ದೇನೆ. ಡಾರ್ವಿನ್ ಪಟ್ಟಣದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಯಾವುದನ್ನೂ ಕ್ರಮ ತಪ್ಪಿ ಮಾಡುವವನಲ್ಲ. (ಬರಿಗೈಯಲ್ಲಿ ಮನೆಗೆ ಬರುವುದನ್ನೂ ಕ್ರಮ ತಪ್ಪದೆ ಮಾಡುತ್ತೇನೆಂದು ನನ್ನ ಹೆಂಡತಿ ಥೆಮೆಲೀನಾ ಸೇರಿಸುತ್ತಾಳೆ.)

ಥೆಮೆಲೀನಾಳ ತವರಿನವರು ಗ್ರೀಸಿನ ಕಾಲಿಮ್ನೋಸ್ ದ್ವೀಪದಿಂದ ಬಂದವರು. ಅವಳ ಅಜ್ಜ ಉಸಿರು ಬಿಗಿಹಿಡಿದು ಕಡಲ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುತ್ತಿದ್ದನಂತೆ. ಅಂಥ ವಂಶದ ಅಳಿಯ ಪ್ಲಾಸ್ಟಿಕ್ ಹಿಡಿದು ನದಿಗೆ ಹೋಗಿ ಬಿಸಿಲಿಗೆ ಕತ್ತು ಸುಟ್ಟುಕೊಂಡು ಬರುತ್ತಾನೆಂಬುದು ಆ ಮನೆತನದ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ನಿಜ ಹೇಳುತ್ತೇನೆ, ಮೀನು ಬರೀ ನೆಪ. ನನ್ನ ಪುಟ್ಟ ಅಲ್ಯೂಮಿನಿಯಂ ದೋಣಿಯಲ್ಲಿ "ಕಸ ಹೊರಗಿಟ್ಟೆಯಾ?" ಎಂದು ಕೇಳುವವರಿಲ್ಲ. ಮೊಸಳೆಗಳಿವೆ, ಆದರೆ ಅವು ಮಾತಾಡುವುದಿಲ್ಲ.

ಈ ಶಾಂತಿಗೆ ಕಲ್ಲು ಬಿದ್ದದ್ದು ಒಂದು ಗುರುವಾರ, ಅತ್ತೆ ಐರೀನಿ ಊಟಕ್ಕೆ ಬಂದಾಗ. ಅವರು ಫ್ರಿಜ್ಜಿನಲ್ಲಿದ್ದ ಸಣ್ಣ ಮೀನುಗಳನ್ನು ಬೇಯಿಸದೆ ಹಾಗೇ ತಿನ್ನುವ ತಮ್ಮ ದ್ವೀಪದ ಪದ್ಧತಿಯಂತೆ ನಿಂಬೆರಸ, ಬೆಳ್ಳುಳ್ಳಿ ಹಾಕಿ ನೆನೆಸಿದ್ದರು. ತಟ್ಟೆಗೆ ಬಡಿಸಿಕೊಂಡು, ಒಂದನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು.

"ಥೆಮೆಲೀನಾ, ಈ ಮೀನು ಇನ್ನೂ ನೆನೆದಿಲ್ಲ ಕಣೇ."

ನಾನು ತಲೆಯೆತ್ತಿ ನೋಡಿದೆ. ಅವರ ತುಟಿಯಾಚೆ ಮುತ್ತಿನ ಬಣ್ಣದ ದೇಹವೊಂದು ತೂಗಾಡುತ್ತಿತ್ತು. ನನ್ನ ಸಂಗ್ರಹದಲ್ಲೇ ಅತ್ಯುತ್ತಮವಾದದ್ದು!

"ಅತ್ತೆ, ಅದು ನನ್ನದು!"

"ನಿಂದಾದ್ರೆ ನೀನೇ ತಿನ್ನು ಮಗನೇ. ನಾನೇನು ಕಿತ್ಕೊಂಡ್ನಾ?" ಎನ್ನುತ್ತ ಅವರು ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು. ಬಾಲದಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು ಬಿದ್ದಿತ್ತು.

"ನಮ್ಮಮ್ಮಂಗೆ ರಬ್ಬರ್ ತಿನ್ನಿಸ್ತೀಯಲ್ಲ ಡಂಕನ್, ಮನುಷ್ಯನಾ ನೀನು?" ಥೆಮೆಲೀನಾ ಎದ್ದು ನಿಂತಳು.

"ಸೆಕೆಗೆ ಹಾಳಾಗ್ಬಾರ್ದು ಅಂತ ಅದೊಂದನ್ನ ಫ್ರಿಜ್ಜಲ್ಲಿ ಮೀನಿನ ಬಟ್ಟಲಲ್ಲಿಟ್ಟಿದ್ದೆ. ಶೇಖರಣೆಯ ಉಷ್ಣತೆ..."

"ನಿನ್ನ ಉಷ್ಣತೆಗೆ ಬೆಂಕಿ ಬೀಳ! ಸೋಫಾ ಮೇಲೆ ರಬ್ಬರ್, ಸೋಪಿನ ಬಟ್ಟಲಲ್ಲಿ ರಬ್ಬರ್, ಈಗ ಅಮ್ಮನ ಬಾಯಲ್ಲೂ ರಬ್ಬರ್. ಎಲ್ಲಾನೂ ಒಂದೇ ಕಡೆ ಜೋಡಿಸಿಡು. ಇನ್ನೊಂದು ಮಾತು. ಭಾನುವಾರ ಸಂತ ಐರೀನಿ ದಿನ, ಅಮ್ಮನ ಹೆಸರಿನ ಹಬ್ಬ. ಊಟಕ್ಕೆ ಬ್ಯಾರಮುಂಡಿ ನಾನೇ ಹಿಡಿದು ತರ್ತೀನಿ ಅಂತ ಈಸ್ಟರಲ್ಲಿ ಎಲ್ಲರ ಮುಂದೆ ಎದೆ ತಟ್ಕೊಂಡೆ. ತರ್ಲಿಲ್ವೋ, ದೋಣಿ ನಮ್ಮಣ್ಣ ಸಕೆಲ್ಲಾರಿಸ್‌ಗೆ."

"ತರ್ತೀನಿ."

"ಅಂಗಡಿಯಿಂದಲ್ಲ. ನಾನೂ ಜೊತೇಲಿ ಬರ್ತೀನಿ."

(ಹೋದ ವರ್ಷ ನಾನೇ 'ಹಿಡಿದ' ಮೀನಿನ ಹೊಟ್ಟೆ ಮೊದಲೇ ಸ್ವಚ್ಛವಾಗಿತ್ತು.)

ಅಂದು ಸಂಜೆಯೇ ಕಾರ್ಯಾರಂಭ ಮಾಡಿದೆ. ಥೆಮೆಲೀನಾಳ ಹೊಲಿಗೆ ಗುಂಡಿಗಳಿದ್ದ, ಖಾನೆ ಖಾನೆಯ, ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಖಾಲಿ ಮಾಡಿದೆ. ನನ್ನ ಹುಸಿಮೀನುಗಳನ್ನೆಲ್ಲ ಅವುಗಳ ಚೀಲಗಳಿಂದ ಬಿಡಿಸಿ, ಬಣ್ಣದ ಪ್ರಕಾರ, ಬಣ್ಣದೊಳಗೆ ಉದ್ದದ ಪ್ರಕಾರ ಜೋಡಿಸಿದೆ. ಮ್ಯೂಸಿಯಮ್ಮಿನವರು ಬಂದು ಕೇಳಿದ್ದರೂ ಕೊಡುತ್ತಿರಲಿಲ್ಲ. ಮರೆಯಬಾರದೆಂದು ಕಾರಿನ ಡಿಕ್ಕಿಯಲ್ಲಿಟ್ಟೆ. ಶುಕ್ರವಾರವಿಡೀ ಕಾರು ಶಾಲೆಯ ಬಯಲಿನ ಬಿಸಿಲಲ್ಲಿ ನಿಂತಿತ್ತು.

ಶನಿವಾರ ಬೆಳಿಗ್ಗೆ ಮೇರಿ ನದಿಯಲ್ಲಿದ್ದೆವು. ಮಳೆಗಾಲದ ನೀರು ಬಯಲಿನಿಂದ ಇಳಿದು ನದಿ ಸೇರುವ ಕಾಲ. ತೊರೆ ಬಂದು ಕೂಡುವ ಕಡೆ, ಕೊಚ್ಚಿಕೊಂಡು ಬರುವ ಮರಿಮೀನುಗಳಿಗಾಗಿ ಬ್ಯಾರಮುಂಡಿಗಳು ಕಾದಿರುತ್ತವೆ. ದಡದಲ್ಲೊಂದು ಮೊಸಳೆ ಬಾಯಿ ತೆರೆದು ಮಲಗಿತ್ತು. ಆ ನದಿಯಲ್ಲಿ ನನ್ನ ಮೇಲೆ ಭರವಸೆ ಇಟ್ಟಿದ್ದ ಜೀವ ಅದೊಂದೇ.

"ಬ್ಯಾರಮುಂಡಿ ಹುಟ್ಟುವಾಗ ಗಂಡು, ಗೊತ್ತಾ?" ದೋಣಿ ನಿಲ್ಲಿಸುತ್ತ ಹೆಂಡತಿಗೆ ಹೇಳಿದೆ. "ಬೆಳೆದು ದೊಡ್ಡದಾದ್ಮೇಲೆ ಹೆಣ್ಣಾಗುತ್ತೆ."

"ಬುದ್ಧಿ ಬಂದ್ಮೇಲೆ ಅನ್ನು."

ಗಂಭೀರವಾಗಿ ಡಬ್ಬಿ ಎತ್ತಿಕೊಂಡೆ. ಮುಚ್ಚಳ ಬರಲಿಲ್ಲ. ಚಾಕು ತೂರಿಸಿ ಮೀಟಿದೆ. ಒಳಗೆ ಖಾನೆಗಳಿರಲಿಲ್ಲ, ಮೀನುಗಳೂ ಇರಲಿಲ್ಲ. ಕೆಂಪು, ಹಸಿರು, ಚಿನ್ನದ ಬಣ್ಣಗಳೆಲ್ಲ ಕಲಸಿಹೋಗಿ ಒಂದೇ ಮುದ್ದೆ ಹೊಳೆಯುತ್ತಿತ್ತು. ಹೊರಗೆ ಇಣುಕುತ್ತಿದ್ದ ಒಂದು ಬಾಲ ಹಿಡಿದು ಎಳೆದೆ. ಇಡೀ ಡಬ್ಬಿ ಎದ್ದು ಬಂತು.

"ಏನಿದು?" ಎಂದಳು ಥೆಮೆಲೀನಾ.

"ಮೆತ್ತನೆ ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಅದಕ್ಕೆ ಒಂಥರಾ ಎಣ್ಣೆ ಸೇರಿಸಿರ್ತಾರೆ. ಅದು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿದ್ರೆ ಅದನ್ನ ಕರಗಿಸುತ್ತೆ. ಬಿಸಿಲಲ್ಲಿ ಇನ್ನೂ ಬೇಗ."

"ಇದು ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹತ್ತನೇ ಕ್ಲಾಸಿಗೆ ಪಾಠ ಮಾಡ್ತೀನಿ."

ಅವಳು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ನನ್ನ ಗುಂಡಿ ಡಬ್ಬಿ," ಎಂದಳು. ಆಮೇಲೆ ಕೈಚೀಲ ತೆರೆದು ಕಾಗದದಲ್ಲಿ ಸುತ್ತಿದ್ದ ಪೊಟ್ಟಣವೊಂದನ್ನು ನನ್ನ ಮಡಿಲಿಗೆ ಎಸೆದಳು. ಬೆಳ್ಳುಳ್ಳಿಯ ವಾಸನೆ ದೋಣಿ ತುಂಬಿತು. ಬಾಲ ಕಚ್ಚಿಸಿಕೊಂಡ ಮುತ್ತಿನ ಬಣ್ಣದ ಮೀನು!

"ಸಕೆಲ್ಲಾರಿಸ್‌ಗೆ ತೋರ್ಸಿ ನಗೋಣ ಅಂತ ಇಟ್ಕೊಂಡಿದ್ದೆ. ಹಾಕು ಇದನ್ನೇ."

"ಇದು ನೇರವಾಗಿ ಈಜಲ್ಲ. ಬಾಲದ ಸಮತೋಲನ ತಪ್ಪಿ..."

"ಎಸೆಯೋ ಮಾರಾಯ!"

ಎಸೆದೆ. ಅದು ಈಜಲಿಲ್ಲ, ಕುಡಿದವನು ಮೆಟ್ಟಿಲಿಳಿಯುವಂತೆ ಅತ್ತ ವಾಲಿ, ಇತ್ತ ವಾಲಿ, ಮಗುಚಿ ಮುಳುಗಿತು. ನನ್ನ ದೋಣಿ ಸಕೆಲ್ಲಾರಿಸ್‌ನ ಅಂಗಳದಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ನೀರೊಳಗೆ ಗುಂಡು ಸಿಡಿದಂತೆ ಶಬ್ದವಾಯಿತು. ಗಾಳದ ಕೋಲು ಬಿಲ್ಲಾಯಿತು. ಬೆಳ್ಳಿಯ ಮೈಯೊಂದು ಗಾಳಿಗೆ ಹಾರಿ, ತಲೆ ಒದರಿ, ಮತ್ತೆ ಬಿತ್ತು. ನಾನು ಕಿರುಚಿದೆ. ಥೆಮೆಲೀನಾ ಸಂತ ಐರೀನಿಯನ್ನು ಕೂಗಿದಳು. ದಡದ ಮೊಸಳೆ ಬಾಯಿ ಮುಚ್ಚಿತು. ಎಷ್ಟೋ ಹೊತ್ತಿನ ಮೇಲೆ ಬ್ಯಾರಮುಂಡಿ ಬಲೆಚೀಲದೊಳಗಿತ್ತು. ಐವತ್ತೈದು ಸೆಂಟಿಮೀಟರಿಗಿಂತ ಚಿಕ್ಕದಾದರೆ ಕಾನೂನು ಪ್ರಕಾರ ವಾಪಸು ಬಿಡಬೇಕು. ಇದು ಅದನ್ನು ಆರಾಮವಾಗಿ ದಾಟಿತ್ತು.

"ಈ ಗಾತ್ರಕ್ಕೆ ಹೆಣ್ಣೇ ಇರ್ಬೇಕು," ಎಂದೆ ಏದುಸಿರು ಬಿಡುತ್ತ.

"ಮತ್ತೆ? ನಿನ್ನ ನೋಡಿ ಅಯ್ಯೋ ಪಾಪ ಅನ್ನಿಸಿರುತ್ತೆ."

ಭಾನುವಾರ ಬ್ಯಾರಮುಂಡಿ ಇಡಿಯಾಗಿ ಬೆಂದು ಮೇಜಿಗೆ ಬಂತು. ದೋಣಿ ಉಳಿದ ಸಂಭ್ರಮದಲ್ಲಿ ನಾನು ಲೋಟ ಹಿಡಿದು ಎದ್ದು, ದಾರ ಸುತ್ತುವ ವೇಗದ ಬಗ್ಗೆ ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡೆ. ಅಷ್ಟರೊಳಗೆ ಥೆಮೆಲೀನಾ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದಳು.

"ನಾನು ಹಾಕಿದ ಬೆಳ್ಳುಳ್ಳಿ!" ಎಂದರು ಅತ್ತೆ.

"ಬೆಳ್ಳುಳ್ಳಿ ಅಲ್ಲಮ್ಮ, ನಿನ್ನ ಹಲ್ಲು," ಎಂದ ಸಕೆಲ್ಲಾರಿಸ್.

ಮೇಜು ಎರಡು ಪಕ್ಷವಾಯಿತು. ಲೋಟ ಹಿಡಿದು ನಿಂತವನ ಪಕ್ಷದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅತ್ತೆ ನನ್ನತ್ತ ತಿರುಗಿದರು. "ನೀನು ವಿಜ್ಞಾನ ಓದಿದವನಲ್ವಾ ಮಗನೇ? ಪ್ರಯೋಗ ಮಾಡೇ ನೋಡೋಣ."

ಈಗ ಪ್ರತಿ ಶನಿವಾರ ದೋಣಿಯ ಮುಂಭಾಗದಲ್ಲಿ ಮೆತ್ತೆ ಹಾಕಿಕೊಂಡು, ಕಪ್ಪು ಉಡುಪಿನಲ್ಲಿ ಅತ್ತೆ ಕೂತಿರುತ್ತಾರೆ. ಮಡಿಲಲ್ಲಿ ನಿಂಬೆರಸ, ಬೆಳ್ಳುಳ್ಳಿಯಲ್ಲಿ ನೆನೆದ ಹೊಸ ಹುಸಿಮೀನುಗಳ ಭರಣಿ. (ಭರಣಿ ಗಾಜಿನದೇ ಆಗಬೇಕೆಂದವನು ನಾನು. ನನ್ನ ರಸಾಯನಶಾಸ್ತ್ರದ ಅಗತ್ಯ ಅಲ್ಲಿಗೆ ಮುಗಿಯಿತು.) ಒಂದೊಂದನ್ನೇ ತೆಗೆದು, ಬಾಲ ಕಚ್ಚಿ, ನನ್ನ ಕೈಗೆ ಕೊಡುತ್ತಾರೆ. ಮೀನು ಬೀಳುತ್ತದೆ. ಅದೇ ಅರ್ಧಚಂದ್ರವನ್ನು ನಾನು ಬ್ಲೇಡಿನಿಂದ ಅಳೆದು ಕತ್ತರಿಸಿ ನೋಡಿದೆ. ಒಂದು ಮೀನೂ ಮೂಸಲಿಲ್ಲ.

ಹೋದ ಶನಿವಾರ ನೀರು ಕನ್ನಡಿಯಂತಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ, ಹಳೆಯ ದಿನಗಳಂತೆ ಒಂದು ದೀರ್ಘ ಉಸಿರು ಎಳೆದುಕೊಂಡೆ. ಮುಂಭಾಗದಿಂದ ದನಿ ಬಂತು.

"ಮಗನೇ, ಹೊರಡುವಾಗ ಕಸ ಹೊರಗಿಟ್ಟೆಯಾ?"