ಪುಕ್ಕಟೆ ಕಲೆಗೆ ಊರು ಕರೆದದ್ದು

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಕಟ್ಟಿದವನು ಯಾವ ವಿಶ್ವವಿದ್ಯಾಲಯದ ಉಚಿತ ಕಲಾ ಕಾರ್ಯಕ್ರಮಕ್ಕೂ ಹೋದವನಲ್ಲ. ಹೋಗಿದ್ದರೆ ಅಪ್ಪನನ್ನಂತೂ ಆ ಕಡೆ ಕರೆದುಕೊಂಡು ಹೋಗುತ್ತಿರಲಿಲ್ಲ. ಬಿಟ್ಟಿ ಅಂದರೆ ಜನ ಬಿದ್ದು ಬರುತ್ತಾರೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದವನೇ. ಈಗ ಆ ನಂಬಿಕೆ ಪೂರ್ತಿ ಹೋಗಿದೆ. ನೂರೈವತ್ತು ಕುರ್ಚಿ, ಏಸಿ, ಪಾರ್ಕಿಂಗ್, ಎಲ್ಲವೂ ಬಿಟ್ಟಿ ಕೊಟ್ಟು, ಕೈ ಮುಗಿದು, ಗೇಟಿನ ಹತ್ತಿರ ನಿಂತು ಹೋಗುವ ಬರುವ ಬೈಕಿನವರನ್ನೆಲ್ಲ ಕರೆದರೂ ಒಂದು ನರಪಿಳ್ಳೆ ಒಳಗೆ ಬರದಿರುವುದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬರುವ ದಾರಿಯಲ್ಲಿ, ಹಿಂದೆ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು ಎದ್ದಿವೆ. ಅದೇ ನಮ್ಮ ವಿಶ್ವವಿದ್ಯಾಲಯ. ಹೆಸರು ಹೇಳುವುದಿಲ್ಲ, ನನಗೆ ಸಂಬಳ ಅಲ್ಲಿಂದಲೇ ಬರುತ್ತದೆ. ನಾನು ಅಲ್ಲಿ ಕಾಮರ್ಸ್ ಮೇಷ್ಟ್ರು. ಆಡಳಿತ ಮಂಡಳಿಯವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಸುತ್ತಮುತ್ತಲ ಹಳ್ಳಿಯ ಜನರ ಮೇಲೆ ಪ್ರೀತಿ ಉಕ್ಕಿತು. ಆ ಹಳ್ಳಿಯವರ ಜಮೀನು ಕೊಳ್ಳುವಾಗ ಉಕ್ಕದ ಪ್ರೀತಿ ಈಗ ಯಾಕೆ ಉಕ್ಕಿತು ಎಂದು ಕೇಳುವಷ್ಟು ದೊಡ್ಡ ಹುದ್ದೆಯಲ್ಲಿ ನಾನಿಲ್ಲ. ತಿಂಗಳಿಗೊಂದು ಕಾರ್ಯಕ್ರಮ, ನೃತ್ಯವೋ ನಾಟಕವೋ ಸಂಗೀತವೋ, ಎಲ್ಲರಿಗೂ ಉಚಿತ ಎಂದು ತೀರ್ಮಾನವಾಯಿತು. ದೊಡ್ಡ ದೊಡ್ಡ ಬ್ಯಾನರ್ ಬಂತು: 'ಕಲೆ ಎಲ್ಲರದು. ಬನ್ನಿ.' ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಮೊದಲೇ ಆನ್‌ಲೈನ್ ನೋಂದಣಿ ಕಡ್ಡಾಯ, ಗುರುತಿನ ಚೀಟಿ ಕಡ್ಡಾಯ, ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ತಿಂಡಿ ತೀರ್ಥ ತರುವಂತಿಲ್ಲ, ತಡವಾಗಿ ಬಂದವರನ್ನು ಬಿಡುವುದಿಲ್ಲ. ಎಲ್ಲರದು ಎಂದ ಮೇಲೆ ಇಷ್ಟು ಜನರನ್ನು ಬೇಡ ಅನ್ನುವುದಕ್ಕೆ ಬ್ಯಾನರಿನಲ್ಲಿ ಜಾಗ ಹೇಗೆ ಸಾಕಾಯಿತೋ ದೇವರೇ ಬಲ್ಲ.

ಇದಕ್ಕೆಲ್ಲ ಒಬ್ಬರು ಡೈರೆಕ್ಟರ್ ಮೇಡಂ ಬಂದರು. ದೆಹಲಿ ಕಡೆಯವರು. ಕೈಮಗ್ಗದ ಸೀರೆ, ಹಣೆಯಲ್ಲಿ ರೂಪಾಯಿ ಅಗಲದ ಬೊಟ್ಟು, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು. "ಪ್ರಕಾಶ್, ನೀವು ಲೋಕಲ್ ಅಲ್ವಾ?" ಎಂದು ಕೇಳಿದರು. ಒರಿಜಿನಲ್ ಸಿಗದಿದ್ದಾಗ ಅಂಗಡಿಯವನು ಲೋಕಲ್ ಚಾರ್ಜರ್ ಕೊಡುವ ದನಿಯಲ್ಲೇ ಕೇಳಿದ್ದು. ಹೌದು ಮೇಡಂ, ಸಾಸಲು ಕಡೆಯವನು ಎಂದೆ. ಅಷ್ಟಕ್ಕೇ ನಾನು ಸಂಚಾಲಕನಾದೆ. ಸಂಚಾಲಕ ಎಂದರೆ ಕುರ್ಚಿ ತುಂಬಿಸುವವನು ಎಂದರ್ಥ.

ಮೊದಲ ಮೂರು ಕಾರ್ಯಕ್ರಮಗಳ ಕಥೆ ಹೇಳುವುದೇ ಬೇಡ. ಒಂದರಲ್ಲಿ ಮಹನೀಯರೊಬ್ಬರು ಒಂದೇ ತಂತಿಯನ್ನು ಒಂದು ಗಂಟೆ ಮೀಟಿದರು. ಹನ್ನೊಂದು ಜನ ಕೇಳಿದರು, ಅದರಲ್ಲಿ ನಾಲ್ವರು ಎಲೆಕ್ಟ್ರಿಷಿಯನ್‌ಗಳು. ಎರಡನೆಯದು ಕವಿಗೋಷ್ಠಿ. ಕೇಳುವವರಿಗಿಂತ ಓದುವವರೇ ಹೆಚ್ಚಿದ್ದುದರಿಂದ ಕವಿಗಳು ಸರದಿಯ ಮೇಲೆ ಇಳಿದು ಬಂದು ಪ್ರೇಕ್ಷಕರಾದರು. ಮೂರನೆಯದು ಮಾತಿಲ್ಲದ ನಾಟಕ. ಮಾತೂ ಇಲ್ಲ, ಜನವೂ ಇಲ್ಲ, ಬೆಳಕು ಬಿಡುವವನ ಗೊರಕೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕುಲಪತಿಗಳು ನನ್ನನ್ನು ಕರೆಸಿ, ನಾಲ್ಕನೆಯ ಸಲವೂ ಕುರ್ಚಿ ಖಾಲಿ ಇದ್ದರೆ ನಿಮ್ಮ ವಾರ್ಷಿಕ ವರದಿಯಲ್ಲಿ ಅದು ಕಾಣುತ್ತದೆ ಎಂದು ಬಹಳ ಮೃದುವಾಗಿ ಹೇಳಿದರು. ಮೃದುವಾಗಿ ಹೇಳಿದ್ದರಿಂದ ನನಗೆ ಹೆಚ್ಚು ಭಯವಾಯಿತು.

ಈ ಮೇಧಾವಿಗಳಿಗೆ ಒಂದು ಸಣ್ಣ ವಿಷಯ ಗೊತ್ತಿಲ್ಲ. ನಮ್ಮ ಕಡೆ ಬ್ಯಾನರ್ ನೋಡಿಕೊಂಡು ಯಾರೂ ಯಾರ ಮನೆಗೂ ಹೋಗುವುದಿಲ್ಲ. ಎಲ್ಲರನ್ನೂ ಕರೆದರೆ ಯಾರನ್ನೂ ಕರೆದ ಹಾಗಲ್ಲ. ಕರೆಯುವವರು ಮನೆಗೆ ಬರಬೇಕು, ಜಗಲಿಯ ಮೇಲೆ ಕೂತು ಒಂದು ಲೋಟ ನೀರು ಕುಡಿಯಬೇಕು, ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು ಬಾಯಿಬಿಟ್ಟು ಕರೆಯಬೇಕು. ಅದರಲ್ಲೂ ಮೆಟ್ಟಿಲುಗಳಿವೆ. 'ಮನೆಗೊಬ್ಬರು ಬನ್ನಿ' ಎಂದರೆ ಒಂದು ಲೆಕ್ಕ. 'ಮನೆಮಂದಿಯೆಲ್ಲ ಬನ್ನಿ' ಎಂದರೆ ಇನ್ನೊಂದು. ಎಲ್ಲಕ್ಕಿಂತ ಮೇಲಿನದು, 'ಅವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ'. ಈ ಮಾತು ಬಾಯಿಂದ ಬಿತ್ತೆಂದರೆ ಮುಗಿಯಿತು, ಆ ಮನೆಯ ಕೈಕೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರ ಹೊಟ್ಟೆಯ ಜವಾಬ್ದಾರಿ ಅವತ್ತು ಕರೆದವನದು. ಇದನ್ನು ಮೇಡಂಗೆ ವಿವರಿಸಿದೆ. "ವಾವ್" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಹಾಗೇ ಕರೀರಿ, ಪ್ರಕಾಶ್. ಸೋ ಆಥೆಂಟಿಕ್!"

ನಮ್ಮೂರು ಸಾಸಲಿನವರು ನನ್ನನ್ನು ಮೂಗು ಸುರಿಸುತ್ತಿದ್ದ ಕಾಲದಿಂದ ಬಲ್ಲರು, ನಾನು ಕರೆದರೆ ಬರುವುದಿಲ್ಲ. ಹೆಂಡತಿ ಗಿರಿಜಳ ತವರು ಆವತಿಯಲ್ಲಾದರೆ ನಾನು ಅಳಿಯ, ಅದೂ ಯೂನಿವರ್ಸಿಟಿ ಅಳಿಯ. ಅಲ್ಲಿ ನನ್ನ ಮಾತಿಗೆ ತೂಕವಿದೆ. ಗಿರಿಜಳಿಗೆ ಹೇಳಿದರೆ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ರೀ, ನಿಮಗೆ ತಲೆ ನೆಟ್ಟಗಿದ್ಯಾ? ಕುಂಕುಮ ಕೊಟ್ಟು ಕರೆದ್ಮೇಲೆ ಊಟ ಹಾಕ್ಬೇಕು. ಡ್ಯಾನ್ಸ್ ತೋರಿಸ್ಬಿಟ್ಟು ಹಸ್ಕೊಂಡು ಕಳಿಸ್ತೀರಾ?"

"ಅಷ್ಟು ದೊಡ್ಡ ಯೂನಿವರ್ಸಿಟಿ ಕಣೇ, ಒಂದು ಅನ್ನ ಸಾರು ಹಾಕಲ್ವಾ? ನಾನು ಮಾತಾಡ್ತೀನಿ."

"ಮೊದ್ಲು ಮಾತಾಡಿ, ಆಮೇಲೆ ಕರೀರಿ."

ಒಳ್ಳೆಯ ಸಲಹೆ. ಹೆಂಡತಿಯ ಒಳ್ಳೆಯ ಸಲಹೆಗಳನ್ನು ನಾನು ಏನು ಮಾಡುತ್ತೇನೋ ಇದನ್ನೂ ಅದನ್ನೇ ಮಾಡಿದೆ.

ಅತ್ತೆ ಪುಟ್ಟಲಕ್ಷ್ಮಮ್ಮನವರಿಗೆ ಅಳಿಯ ಮನೆಬಾಗಿಲಿಗೆ ಬಂದು ಊರು ಕರೆಯಬೇಕು ಎಂದದ್ದೇ ಹಿಗ್ಗು. ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದುಟ್ಟು, ಪಕ್ಕದ ಮನೆಯ ಸೊಸೆಯ ಕೈಗೆ ಕುಂಕುಮದ ಬಟ್ಟಲು ಕೊಟ್ಟು ನನ್ನ ಮುಂದೆ ನಡೆದರು. ಮಾವ ತೀರಿಕೊಂಡಿದ್ದರಿಂದ ಕುಂಕುಮ ಕೊಡಲು ತಾವು ಮುಂದಾಗದೆ, ಅವಳ ಕೈಯಲ್ಲಿ ಕೊಡಿಸುತ್ತ, ಮಾತು ಮಾತ್ರ ತಾವೇ ಆಡುತ್ತಿದ್ದರು. ಅವರ ಉತ್ಸಾಹಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ನಾನು ಹುಷಾರಾಗಿ ಮನೆಗೊಬ್ಬರು ಬನ್ನಿ ಎಂದೇ ಶುರು ಮಾಡಿದೆ. ಎರಡು ಮನೆ ಸರಿಯಾಗಿ ನಡೆಯಿತು. ಮೂರನೆಯ ಮನೆಯಲ್ಲಿ ಒಂದು ಅಜ್ಜಿ ಎಲೆಯಡಿಕೆ ಜಗಿಯುತ್ತ ಕೂತಿತ್ತು.

"ಮನೆಗೊಬ್ಬರಾ? ಏನವ್ವಾ ಪುಟ್ಟಲಕ್ಷ್ಮಿ, ನಿನ್ನ ಅಳಿಯಂದು ಇಷ್ಟೊಂದು ಬಿಗಿ ಕೈಯಾ?" ಎಂದು ನಕ್ಕಿತು.

ಅತ್ತೆಯ ಮುಖ ಸಣ್ಣದಾಯಿತು. ನನಗೆ ಎಲ್ಲಿಂದ ಬಂತೋ ರೋಷ. "ಛೇ ಛೇ, ಮನೆಮಂದಿಯೆಲ್ಲ ಬರ್ಬೇಕು ಕಣಜ್ಜಿ. ಅವತ್ತು ನಿಮ್ಮನೇಲಿ ಒಲೆ ಹಚ್ಚಂಗಿಲ್ಲ!" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಮನೆಗೆ ಹೇಳಿದ ಮೇಲೆ ಉಳಿದವರಿಗೆ ಹೇಳದೆ ಇರಲಾಗುತ್ತದೆಯೇ? ಮೂವತ್ತು ಮನೆಯ ಒಲೆಯನ್ನು ನಾನು ಒಂದೇ ಬೆಳಗ್ಗೆ ಆರಿಸಿದೆ. ಬಸ್ಸಿಗೆ ಕಾಯುವಾಗ ಅತ್ತೆ ಮೆಲ್ಲಗೆ ಹೇಳಿದರು, "ಅಳಿಯಂದ್ರೇ, ಇವರೆಲ್ಲ ನನ್ನ ಮುಖ ನೋಡ್ಕೊಂಡು ಬರ್ತಾರೆ. ನಾಳೆ ನಾನು ಇದೇ ಬೀದೀಲಿ ಓಡಾಡ್ಬೇಕು. ಕೈಬಿಡ್ಬೇಡಿ." ನೀವು ಯೋಚನೆ ಮಾಡಬೇಡಿ ಅತ್ತೆ ಎಂದೆ. ಆ ಮಾತು ಹೇಳುವಾಗ ನನಗೆ ನಿಜಕ್ಕೂ ಯಾವ ಯೋಚನೆಯೂ ಇರಲಿಲ್ಲ.

ಮರುದಿನ ಮೇಡಂ ಹತ್ತಿರ ಊಟದ ಪ್ರಸ್ತಾಪ ಎತ್ತಿದೆ. ಅವರು ಕಣ್ಣು ಮುಚ್ಚಿಕೊಂಡು, ಜನ ಕಲೆಗಾಗಿ ಬರಬೇಕೇ ಹೊರತು ಊಟಕ್ಕಲ್ಲ, ಊಟ ಎಂದರೆ ಗಮನ ಬೇರೆ ಕಡೆ ಹೋಗುತ್ತದೆ ಎಂದರು. ಹೊಟ್ಟೆ ತುಂಬಿದವರ ಬಾಯಲ್ಲಿ ಈ ಮಾತು ಬಹಳ ಚೆನ್ನಾಗಿ ಕೇಳಿಸುತ್ತದೆ. ಪಟ್ಟಿಯಲ್ಲಿರುವ ಗಣ್ಯರಿಗೆ ಮಾತ್ರ ಗಾಜಿನ ಕೋಣೆಯಲ್ಲಿ ಲೈಟ್ ಲಂಚ್ ಇದೆ ಎಂದರು. ಗಣ್ಯರ ಗಮನ ಎಲ್ಲಿಗೆ ಹೋದರೂ ಪರವಾಗಿಲ್ಲವೇನೋ. ನಾನು ಜಗಳ ಆಡಬೇಕಿತ್ತು. ಅದಾಗದಿದ್ದರೆ ದೊಡ್ಡಬಳ್ಳಾಪುರದಲ್ಲಿ ಅಡುಗೆಯವರನ್ನು ಹಿಡಿದು ನಾನೇ ಒಂದು ಹಂಡೆ ಚಿತ್ರಾನ್ನ ಮಾಡಿಸಬೇಕಿತ್ತು. ನಾಳೆ ನೋಡೋಣ, ನಾಳಿದ್ದು ನೋಡೋಣ ಎಂದುಕೊಂಡೆ. ಅತ್ತೆಗೆ ಫೋನ್ ಮಾಡಿ ನಿಜ ಹೇಳಲು ಮೂರು ಸಲ ನಂಬರು ಒತ್ತಿ ಮೂರು ಸಲವೂ ಕಟ್ ಮಾಡಿದೆ. ಈ ನಡುವೆ ಇಡೀ ಊರಿನ ಆನ್‌ಲೈನ್ ನೋಂದಣಿ ಮಾಡಿದವನೂ ನಾನೇ. ನೂರೈವತ್ತು ಜನಕ್ಕೂ ನನ್ನದೇ ಇಮೇಲ್ ಕೊಟ್ಟಿದ್ದರಿಂದ 'ನಿಮ್ಮ ಆಗಮನಕ್ಕೆ ನಾವು ಕಾತರರಾಗಿದ್ದೇವೆ' ಎಂಬ ಪತ್ರ ನನಗೆ ನೂರೈವತ್ತು ಸಲ ಬಂತು.

ಭಾನುವಾರ ಹನ್ನೊಂದು ಗಂಟೆಗೆ ಕಾಲೇಜಿನ ಮೂರು ಹಳದಿ ಬಸ್ಸು ತುಂಬ ಆವತಿ ಬಂದಿಳಿಯಿತು. ಮದುವೆಗೆ ಹೊರಟ ಹಾಗೆ ಜರಿ ಸೀರೆ, ಮಲ್ಲಿಗೆ ಹೂವು, ಇಸ್ತ್ರಿ ಮಾಡಿದ ಬಿಳಿ ಪಂಚೆ. ಗಿರಿಜ ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕೂತಳು. ಸಭಾಂಗಣ ತುಂಬಿತು. ಅವತ್ತಿನ ನೃತ್ಯ ರೈತನ ಬದುಕಿನ ಮೇಲೆ. ಬೆಂಗಳೂರಿನಿಂದ ಬಂದ ಕಲಾವಿದೆಯೊಬ್ಬರು ವೇದಿಕೆಯ ಮೇಲೆ ಒಂದು ಮೂಟೆ ಮಣ್ಣು ಸುರಿಸಿ ಅದರಲ್ಲಿ ಅರ್ಧ ಗಂಟೆ ಹೊರಳಾಡಿದರು. ಆಮೇಲೆ ಎದ್ದು ಮೊರ ಹಿಡಿದು, ಎದುರಿಗೆ ಫ್ಯಾನ್ ಇಡಿಸಿಕೊಂಡು ರಾಗಿ ತೂರಿದರು. ಅದೇ ಎಲೆಯಡಿಕೆ ಅಜ್ಜಿ ತಡೆಯಲಾರದೆ, "ಅಯ್ಯೋ ಮಗಾ, ಗಾಳಿಗೆ ಎದುರಾಗಿ ತೂರ್ತೀಯಲ್ಲವ್ವಾ, ಎಲ್ಲಾ ಮುಖಕ್ಕೇ ಬೀಳ್ತದೆ, ಈ ಕಡೆ ತಿರುಗು!" ಎಂದು ಕೂಗಿತು. ಬಿದ್ದೇಬಿಟ್ಟಿತು. ಕಲಾವಿದೆ ಕಣ್ಣುಜ್ಜಿಕೊಂಡು ಅತ್ತರು. ಮೇಡಂ ಅದೂ ನೃತ್ಯವೇ ಎಂದು ಭಾವಿಸಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆವತಿಯವರೂ ಮರ್ಯಾದೆಗೆ ತಟ್ಟಿದರು.

ಒಂದೂವರೆಗೆ ಕಾರ್ಯಕ್ರಮ ಮುಗಿಯಿತು. ಯಾರೂ ಏಳಲಿಲ್ಲ. ಊಟಕ್ಕೆ ಏಳಿ ಎಂದು ಕರೆಯುವ ತನಕ ಏಳುವುದು ಮರ್ಯಾದಸ್ಥರ ಲಕ್ಷಣವಲ್ಲ. ದೀಪಗಳು ಒಂದೊಂದಾಗಿ ಆರಿದವು. ಕಸ ಗುಡಿಸುವವರು ಬಂದರು. ಆಗ ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದು, ಕುಡಿಯುವ ನೀರಿನ ನಲ್ಲಿಯ ಹತ್ತಿರ ಸಾಲು ನಿಂತು ಕೈ ತೊಳೆದುಕೊಂಡರು. ತೊಳೆದ ಕೈಯನ್ನು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದರು. ಅತ್ತೆ ಎಲ್ಲರಿಗೂ "ಇನ್ನೇನು ಕರೀತಾರೆ, ಇನ್ನೇನು ಕರೀತಾರೆ" ಎನ್ನುತ್ತಿದ್ದರು.

ಕುಲಪತಿಗಳ ಕಾಲು ಹಿಡಿದಾದರೂ ಏನಾದರೂ ಮಾಡಿಸೋಣವೆಂದು ಗಾಜಿನ ಕೋಣೆಗೆ ಓಡಿದೆ. ಒಳಗೆ ಗಣ್ಯರಿಗಾಗಿ ಹಾಸಿದ್ದ ಮೇಜು, ತಟ್ಟೆಗಳ ರಾಶಿ. ಬಂದಿದ್ದ ಗಣ್ಯರು ಐದೋ ಆರೋ. "ಪ್ರಕಾಶ್! ಹೌಸ್ ಫುಲ್!" ಎಂದು ಕುಲಪತಿಗಳು ಹೆಗಲ ಮೇಲೆ ಕೈ ಹಾಕಿದರು. ಹತ್ತು ವರ್ಷದ ಸರ್ವಿಸ್‌ನಲ್ಲಿ ಆ ಕೈ ನನ್ನ ಹೆಗಲ ಮೇಲೆ ಬಿದ್ದದ್ದು ಅದೇ ಮೊದಲು. ಇನ್ನೊಂದು ಕೈಯಲ್ಲಿ ಕಟ್ಲೆಟ್ ಇದ್ದ ತಟ್ಟೆಯನ್ನು ನನ್ನ ಕೈಗಿಟ್ಟು, ತಿನ್ನಿ ತಿನ್ನಿ ಎಂದರು. ಫೋಟೋದವನು ಬಂದ. ಸರ್, ಹೊರಗೆ ಜನ ಹಸಿದಿದ್ದಾರೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಅದರ ಮೇಲೆ ಕಟ್ಲೆಟ್ ಬಂದು ಕೂತಿತು. ಕಚ್ಚಿದೆ. ತಲೆ ಎತ್ತಿ ನೋಡಿದರೆ ಗಾಜಿನ ಆಚೆ ಇಡೀ ಆವತಿ ನಿಂತಿದೆ. ಮುಂದೆ ಅತ್ತೆ, ಪಕ್ಕದಲ್ಲಿ ಗಿರಿಜ.

ಕುಲಪತಿಗಳೂ ಆ ಕಡೆ ನೋಡಿ, ಯಾರು ಅವರೆಲ್ಲ, ಯಾಕೆ ನಿಂತಿದ್ದಾರೆ ಎಂದು ಕೇಳಿದರು.

"ಆಡಿಯನ್ಸ್ ಸರ್" ಎಂದೆ.

ಅವರು ಗಾಜಿನೊಳಗಿನಿಂದಲೇ ಕೈ ಬೀಸಿದರು. ಹೊರಗಿದ್ದವರು ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿದರು. ನಾನು ತಟ್ಟೆ ಹಿಡಿದುಕೊಂಡೇ ಬಾಗಿಲವರೆಗೆ ಬರುವಷ್ಟರಲ್ಲಿ ಅತ್ತೆ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತಿದ್ದರು, "ಅಳಿಯಂದ್ರು ಉಂಡ್ರು, ಆಯ್ತಲ್ಲ. ನಡೀರಿ, ಬಸ್ ಹತ್ರಿ. ಯಾರೂ ಮನೆಮನೆಗೆ ಹೋಗ್ಬೇಡಿ, ಎಲ್ಲಾ ನಮ್ಮನೆ ಹತ್ರಾನೇ ಇಳೀರಿ. ಒಂದು ಗಂಟೇಲಿ ಮುದ್ದೆ ಸಾರು ಆಗ್ತದೆ." ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಿರಿಜ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮನ ಹಿಂದೆಯೇ ಬಸ್ಸು ಹತ್ತಿದಳು. ನಾನೂ ಹತ್ತಬೇಕಿತ್ತು. ಕುಲಪತಿಗಳು ಒಳಗಿನಿಂದ ಇನ್ನೊಂದು ಫೋಟೋಕ್ಕೆ ಕರೆದರು.

ಸಂಜೆ ಅವಳು ಮನೆಗೆ ಬಂದಾಗ ಮುದ್ದೆ ತಿರುವಿ ತಿರುವಿ ಎರಡೂ ಅಂಗೈ ಕೆಂಪಾಗಿದ್ದವು. ನಾನು ಇಷ್ಟೂ ಹೊತ್ತು ನಿಮಗೆ ಹೇಳಿದ ಹಾಗೆಯೇ ಅವಳಿಗೂ ಹೇಳಿದೆ: ಆ ಕುಲಪತಿ ಎಂಥವನು, ಆ ಮೇಡಂ ಎಂಥವಳು, ಆ ಗಣ್ಯರು ಎಂಥ ಗತಿಗೆಟ್ಟವರು, ದೊಡ್ಡವರಿಗೆಲ್ಲ ಬಡವರ ಹೊಟ್ಟೆಯ ಕಷ್ಟ ಹೇಗೆ ಕಾಣುವುದೇ ಇಲ್ಲ. ಅವಳು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಪೂರ್ತಿ ಕೇಳಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಎಷ್ಟು ತಿಂದ್ರಿ?"

"ಒಂದೇ ಕಣೇ, ಅವರು ಬಲವಂತ ಮಾಡಿದ್ರು ಅಂತ" ಎಂದೆ.

ಮೂರು ತಿಂದಿದ್ದೆ.