ಅತ್ತೆಯ ಹಲ್ಲು ಮತ್ತು ಅಸ್ತಮಾನ

ನಮ್ಮ ಸೋದರತ್ತೆ ದಿನವೂ ಸಂಜೆ ಸೂರ್ಯನೊಡನೆ ಓಟದ ಪಂದ್ಯ ನಡೆಸುತ್ತಾರೆ, ಅದೂ ಕುಳಿತಲ್ಲಿಂದಲೇ! ನಂಬಿಕೆಯಿಲ್ಲವೇ? ಗಡಿಯಾಚೆಯ ಮಗ್ಗದೂರು ಇಚಲಕರಂಜಿಗೆ ಬನ್ನಿ. ಅಂಗಳದಲ್ಲಿ ಬಿಸಿಲು ಇನ್ನೂ ಚುರುಕಾಗಿರುವಾಗಲೇ ಅವರು ತಾಟಿನ ಮುಂದೆ ಕುಳಿತಿರುತ್ತಾರೆ. ನಮ್ಮದು ಜೈನರ ಮನೆತನ. ಗಜ್ಜರಿಯಂಥ ನೆಲದೊಳಗಿನ ಗಡ್ಡೆ ತಿನ್ನುವಂತಿಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಡುವಂತಿಲ್ಲ. ಆದರೆ ಅತ್ತೆಯ ದವಡೆ ಹಲ್ಲುಗಳು ಒಂದೊಂದಾಗಿ ನಿವೃತ್ತಿ ಪಡೆದಿವೆ. ಉಳಿದ ಮುಂಬಲ್ಲುಗಳಿಂದ ಜೋಳದ ರೊಟ್ಟಿಯನ್ನು, ನಮ್ಮ ಕಡೆಯ ಭಕ್ಕರಿಯನ್ನು, ಅರೆದು ಮುಗಿಸುವ ಮೊದಲೇ ಸೂರ್ಯ ಮಗ್ಗದ ಶೆಡ್ಡುಗಳ ಹಿಂದೆ ಇಳಿದುಬಿಡುತ್ತಾನೆ.

"ಇವತ್ತೂ ಅಂವನ ಗೆದ್ದ!" ಎಂದು ಅತ್ತೆ ತಾಟು ಸರಿಸುತ್ತಾರೆ. ಅರ್ಧ ಭಕ್ಕರಿ ಉಳಿದಿರುತ್ತದೆ, ಅರ್ಧ ಹಸಿವೂ.

ಹಾಲಿನಲ್ಲಿ ನೆನೆಸಿ ಉಣ್ಣಬಾರದೇ? ಕೇಳಿ ನೋಡಿ! "ಅದು ಮುದುಕರು ಉಣ್ಣೂದು." ಎಪ್ಪತ್ತು ದಾಟಿದವರ ಉತ್ತರವಿದು. ಹಾಕಿ ತೆಗೆಯುವ ಹಲ್ಲಿನ ಕಟ್ಟು? "ರಾತ್ರಿಯೆಲ್ಲ ಬಟ್ಟಲದಾಗ ಕುಂತು ನನ್ನ ನೋಡಿ ನಗೂ ಹಲ್ಲು ನನಗ ಬ್ಯಾಡ!"

ಆದರೆ ಅವರ ರವಿಕೆಗಳು ಸಡಿಲವಾಗತೊಡಗಿದವು. ಮೆಟ್ಟಿಲು ಹತ್ತುವಾಗ ತಲೆ ತಿರುಗಿ ಕುಳಿತುಬಿಡುತ್ತಿದ್ದರು. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದ ಬಲವನ್ನೆಲ್ಲ ಒಟ್ಟುಗೂಡಿಸಿ ಇಂಪ್ಲಾಂಟಿನ ಪರವಾಗಿ ವಾದ ಮಂಡಿಸಿದೆ. ದವಡೆಯ ಎಲುಬಿನಲ್ಲಿ ಲೋಹದ ತಿರುಪು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುತ್ತಾರೆ. ಅದು ಆಡಂಬರವಲ್ಲ, ಆರೋಗ್ಯ. ದೇಹವುಳಿದರಲ್ಲವೇ ವ್ರತ ಉಳಿಯುವುದು? ಅತ್ತೆ ತಲೆದೂಗುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಭಾಳ ಛಲೋ ಮಾತಾಡ್ತಿ. ಮದಲ ನಿನ್ನ ಲಗ್ನಕ್ಕ ಹೂಂ ಅನ್ನು, ಆಮ್ಯಾಲ ನನ್ನ ಹಲ್ಲಿನ ಮಾತು!"

ಅಂತೂ ಕೊಲ್ಹಾಪುರದ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆ. ಗಡಹಿಂಗ್ಲಜ ಕಡೆಯವರು, ಕನ್ನಡ ಬಲ್ಲವರು.

"ಆಜಿ, ದವಡಿ ಎಲುಬು ಸವದೈತ್ರಿ. ಎಲುಬಿನ ಪುಡಿ ತುಂಬಿ ಗಟ್ಟಿ ಮಾಡೂಣು."

"ಯಾರ ಎಲುಬು?"

"ದನದ್ದಿರತೈತ್ರಿ. ಪೂರಾ ಶುದ್ಧ ಮಾಡಿದ್ದು..."

ಅವರ ಮಾತು ಮುಗಿಯುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಯಾಗಿತ್ತು! "ಗಜ್ಜರಿ ಸೈತ ತಿನ್ನದ ಬಾಯಾಗ ಆಕಳಾ ಕಟ್ಟಾಕ ಬಂದಾನ!"

ವೈದ್ಯರು ಬಾಗಿಲವರೆಗೆ ಹಿಂಬಾಲಿಸಿ ಬಂದು, ಪ್ರಾಣಿಯ ಸಂಬಂಧವೇ ಇಲ್ಲದ ಕೃತಕ ಪುಡಿಯೂ ಸಿಗುತ್ತದೆಂದು ವಿವರಿಸಿದರು. "ವಿಚಾರ ಮಾಡ್ತೇನ್ರಿ," ಎಂದರು ಅತ್ತೆ. ನಮ್ಮ ಮನೆತನದಲ್ಲಿ ಅದಕ್ಕೆ 'ಇಲ್ಲ' ಎಂದೇ ಅರ್ಥ.

ವಾದದಲ್ಲಿ ಸೋತವನಿಗೆ ನಿದ್ದೆ ಬರುವುದುಂಟೇ? ಮರುವಾರ ಹೊಸ ಸಮರ್ಥನೆಗಳೊಡನೆ ಮತ್ತೆ ಅವರ ಮನೆಗೆ ಹೋದೆ. ಅತ್ತೆಯೂ ಅವರ ಸೊಸೆಯೂ ಎದುರುಬದಿರು ಊಟಕ್ಕೆ ಕುಳಿತಿದ್ದರು. ಗೋಡೆಯ ಮೇಲಿನ ಬಿಸಿಲು ಆರಿತು. ಅತ್ತೆ ತಾಟು ಸರಿಸಿದರು. ಸೊಸೆಯೂ ಸರಿಸಿದಳು. ನಿತ್ಯವೂ ಸೂರ್ಯನನ್ನೇ ನೋಡುತ್ತ ಉಣ್ಣುವ ಅತ್ತೆ ಅಂದು ಅದೇಕೋ ಎದುರಿನ ತಾಟನ್ನು ನೋಡಿದರು. ಅದರಲ್ಲಿಯೂ ಅರ್ಧ ಭಕ್ಕರಿ!

"ನಿನಗೇನ ಧಾಡಿ? ಹಲ್ಲು ಗಟ್ಟಿ ಅದಾವಲ್ಲ, ಉಣ್ಣಾಕೇನಾತು?"

ಸೊಸೆ ತಲೆಯೆತ್ತಲಿಲ್ಲ. "ನೀವು ಅರ್ಧ ಹೊಟ್ಟಿಲೆ ಎದ್ರ ನನಗ ತುತ್ತು ಇಳಿಯೂದಿಲ್ರಿ ಅತ್ತಿ."

"ಯಾವಾಗಿಂದ?"

"ನಿಮ್ಮ ಹಲ್ಲು ಹೋದಾಗಿಂದ."

ಅತ್ತೆ ಕೈ ಚಾಚಿ ಸೊಸೆಯ ಮುಂಗೈಯನ್ನು ಹಿಡಿದು, ಅದರ ದಪ್ಪವನ್ನು ಅಳೆಯುವವರಂತೆ ಬೆರಳು ಸುತ್ತಿದರು. ನಾನು ವಾದ ಆರಂಭಿಸಲು ಗಂಟಲು ಸರಿಪಡಿಸಿಕೊಂಡೆ. ಅವರು ನನ್ನತ್ತ ತಿರುಗದೆಯೇ ತಡೆದರು.

"ಸಾಕಪಾ ನಿನ್ನ ಭಾಷಣ. ಆ ಡಾಕ್ಟರಗ ಫೋನ್ ಹಚ್ಚು."

"ಏನಂತ ಹೇಳ್ಲಿ ಅತ್ತಿ?"

"ನನ್ನ ಸೊಸಿ ಹಸದಾಳಂತ ಹೇಳು."