ಹಿಮಾಲಯವೂ ನಮ್ಮ ತಾಮ್ರದ ಬಂಬವೂ

ಕೈಯಾರೆ ದುಡಿದು ಮನೆ ಕಟ್ಟಿದವನಿಗೆ ಒಂದು ರೋಗವಿರುತ್ತದೆ. ಮನೆಯಲ್ಲಿ ಏನು ಕೆಟ್ಟರೂ ತಪ್ಪು ಅಂಗಡಿಯವನದು, ಸಿಮೆಂಟಿನದು, ಕಡೆಗೆ ಸೂರ್ಯನದು ಎನ್ನುತ್ತಾನೆಯೇ ಹೊರತು ತನ್ನದು ಎನ್ನುವುದಿಲ್ಲ. ನನಗೆ ಆ ರೋಗ ತುಸು ಹೆಚ್ಚೇ. ನಾಲ್ಕನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದು, ಕಲಬುರಗಿ ಕಡೆಯಿಂದ ಪುಣೆಗೆ ಬಂದು, ಗೌಂಡಿಗಳ ಕೈಕೆಳಗೆ ಗಾರೆ ಹೊತ್ತು, ನಾನೇ ಗೌಂಡಿಯಾಗಿ, ಯೆರವಡಾದಲ್ಲಿ ಕೆಳಗೊಂದು ಮೇಲೊಂದು ಅಂತ ಮನೆ ಎಬ್ಬಿಸಿದವನು. ಅದರ ಬಗ್ಗೆ ಯಾರು ಅರ್ಧ ಮಾತಾಡಿದರೂ ನನಗೆ ಪೂರ್ತಿ ಕೇಳಿಸುತ್ತದೆ.

ಅಂಥ ಅರ್ಧ ಮಾತು ಬಂದದ್ದು ಬೀಗಿತಿಯ ಬಾಯಿಂದ. ಮಗಳನ್ನು ಚೊಚ್ಚಲ ಹೆರಿಗೆಗೆ ಕರೆಯಲು ಹೋಗಿದ್ದೆವು. ಹಿಂದಿನ ಬೇಸಿಗೆಯಲ್ಲಿ ಬೀಗಿತಿ ನಮ್ಮ ಮೇಲಿನ ಕೋಣೆಯಲ್ಲಿ ಮಲಗಿ ಬೆಂದಿದ್ದರು. ಕೆಳಗಿನ ಭಾಗ ಬಾಡಿಗೆಗೆ ಹೋಗಿದ್ದರಿಂದ ಮಗಳಿಗೂ ಅದೇ ಕೋಣೆ.

"ಬಾಣಂತಿಗೆ ಕಾಸಲಿಕ್ಕೆ ಬ್ಯಾರೆ ಬೆಂಕಿ ಬೇಕಾಗಂಗಿಲ್ಲ ಬಿಡ್ರಿ, ನಿಮ್ಮ ಖೋಲಿನೇ ಸಾಕು" ಅಂದರು. ಕೋಣೆ ತಣ್ಣಗಾದ ಮೇಲೆ ಕಳಿಸುತ್ತೇವೆ, ಇಲ್ಲದಿದ್ದರೆ ಬಾಣಂತನ ಇಲ್ಲೇ ಆಗಲಿ ಎಂಬುದು ತೀರ್ಮಾನ. ಬಸ್ಸಿನಲ್ಲಿ ನನ್ನ ಹೆಂಡತಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು.

ಮನೆ ತಣ್ಣಗೆ ಮಾಡುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ತಾರಸಿಗೆ ಸುಣ್ಣ ಬಳಿದರೆ ಬಿಸಿಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಬಳಿದೆ. ಸುಣ್ಣ ತಾಗಿದ ಮೈಗೆ ತುರಿಕೆ, ತುರಿಕೆಗೆ ಬಿಸಿನೀರೇ ಮದ್ದು. ನಮ್ಮ ತಾಮ್ರದ ಬಂಬ ತಾರಸಿಯ ಮೂಲೆಯಲ್ಲೇ ಇತ್ತು. ಹೊಟ್ಟೆಯೊಳಗೆ ಬೆಂಕಿ, ಸುತ್ತ ನೀರು, ನೆತ್ತಿಯ ಮೇಲೆ ಮೋಟು ಚಿಮಣಿ. ಗ್ಯಾಸಿನಲ್ಲಿ ಕಾದ ನೀರು ಚರ್ಮಕ್ಕೆ ಮುಟ್ಟುತ್ತದೆ, ಬಂಬದ ನೀರು ಎಲುಬಿಗೆ ಮುಟ್ಟುತ್ತದೆ ಎಂಬುದು ನನ್ನ ಸಿದ್ಧಾಂತ. ತಾರಸಿ ಹಾಕುವಾಗ ಕಾಂಕ್ರೀಟಿನ ಕೆಳಗೆ ಕೊಡುವ ಸೆಂಟ್ರಿಂಗಿನ ಎಣ್ಣೆ ಕುಡಿದ ಹಲಗೆ ತುಂಡುಗಳನ್ನು ತುರುಕಿದರೆ ಉರಿ ಭರ್ಜರಿ. ಎಲುಬು ತೃಪ್ತಿಯಾಗುವಷ್ಟು ಸ್ನಾನ ಮಾಡಿದೆ.

ಕೆಲವೇ ದಿನಗಳಲ್ಲಿ ತಾರಸಿ ಮಬ್ಬಾಯಿತು, ಕೋಣೆ ಮತ್ತೆ ಕಾಯಿತು. ಸುಣ್ಣದಲ್ಲೇ ಮೋಸ ಎಂದು ಅಂಗಡಿ ಬದಲಿಸಿ ಮತ್ತೆ ಬಳಿದೆ. ಮತ್ತೆ ತುರಿಕೆ, ಮತ್ತೆ ಬಂಬ. ಇನ್ನೂ ಒಂದು ಕೈ ಬಳಿದೆ. ಈ ಸಲ ಸೂರ್ಯನಿಗೇ ಬೈದೆ. ಅತ್ತ ಮಗಳಿಗೆ ದಿನ ಹತ್ತಿರವಾಗುತ್ತಿತ್ತು.

ಕೆಳಗೆ ಬಾಡಿಗೆಗಿದ್ದವರು ಮೈಸೂರಿನ ಒಬ್ಬ ಮೇಡಂ. ಗಾಳಿಯಲ್ಲಿ ಏನೇನು ಸೇರಿದೆ ಎಂದು ಸೋಸಿ ನೋಡುವುದು ಅವರ ನೌಕರಿ. ನಾವು ಚಹಾ ಸೋಸುತ್ತೇವಲ್ಲ, ಹಾಗೆ. ಆಗಷ್ಟೇ ಹಿಮಾಲಯದಿಂದ ಬಂದಿದ್ದರು, ನಮ್ಮಲ್ಲಿ ಚಹಾಕ್ಕೆ ಕೂತಾಗ ಅಲ್ಲಿ ಗಾಳಿ ಸೋಸಿದ ಒಂದು ಕಾಗದದ ಬಿಲ್ಲೆ ತೋರಿಸಿದರು. ಹೋಗುವಾಗ ಬೆಳ್ಳಗಿದ್ದದ್ದು ಬರುವಾಗ ಬೂದುಬಣ್ಣವಾಗಿತ್ತು. ಎಲ್ಲೆಲ್ಲಿಯೋ ಉರಿದ ಬೆಂಕಿಯ ಮಸಿ ಗಾಳಿಯಲ್ಲಿ ಅಷ್ಟೆತ್ತರಕ್ಕೆ ಹೋಗುತ್ತದಂತೆ. ತೇಲುವಾಗ ಬಿಸಿಲು ಕುಡಿದು ಅಲ್ಲಿನ ಗಾಳಿಯನ್ನು ಕಾಯಿಸುತ್ತದೆ. ಹಿಮದ ಮೇಲೆ ಕೂತರೆ, ಹಿಮ ವಾಪಸು ಕಳಿಸಬೇಕಾದ ಬಿಸಿಲನ್ನು ತಾನು ಹಿಡಿದಿಟ್ಟುಕೊಂಡು ಹಿಮವನ್ನೇ ಬೇಗ ಕರಗಿಸುತ್ತದೆ. ಕೇಳಿ ನನಗೆ ನಿಜವಾಗಿಯೂ ಮರುಕವಾಯಿತು.

"ಎಂಥಾ ಮಂದಿ ಇರ್ತಾರ್ರಿ ಮೇಡಂ. ಅಷ್ಟು ಬೆಳ್ಳಗಿದ್ದದ್ದರ ಮ್ಯಾಲೆ ಮಸಿ ಸುರೀಲಿಕ್ಕೆ ಮನಸ್ಸರೆ ಹೆಂಗ ಬರ್ತದ?"

ಹೆಂಡತಿ ಬಟ್ಟಲು ಕೆಳಗಿಟ್ಟಳು. "ಆ ಮಂದೀನ ನೋಡಲಿಕ್ಕೆ ಅಷ್ಟು ದೂರ ಯಾಕ ಹೋಗ್ತೀರಿ ಮೇಡಂ? ನಮ್ಮ ಮಾಳಿಗಿ ಹತ್ರಿ."

ಹತ್ತಿದೆವು. ಮೇಡಂ ತಾರಸಿಯ ಮೇಲೆ ಬೆರಳಾಡಿಸಿದರು. ಬೆರಳ ತುದಿ ಕಪ್ಪಾಯಿತು. ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಯಜಮಾನ್ರೇ, ನಿಮ್ಮ ಸುಣ್ಣ ಚೆನ್ನಾಗೇ ಇದೆ. ಅದರ ಮೇಲೆ ಕೂತಿರೋದನ್ನ ತೊಳೀಬೇಕು, ಅಷ್ಟೆ" ಅಂದರು. ಕಣ್ಣು ಮಾತ್ರ ಒಂದು ಗಳಿಗೆ ಚಿಮಣಿಯ ಮೇಲಿತ್ತು. ನನಗೋ ಮೊದಲು ಕಿವಿಗೆ ಬಿದ್ದದ್ದು ಸುಣ್ಣ ಚೆನ್ನಾಗಿದೆ ಎಂಬುದಷ್ಟೇ. ಉಳಿದದ್ದು ಮೆಟ್ಟಿಲು ಇಳಿಯುವಾಗ ಕೇಳಿಸಿತು.

ಮರುದಿನ ಬಂಬದ ಬೆಂಕಿ ಆರಿತು. ತಾರಸಿಯನ್ನು ನಾನೇ ತಿಕ್ಕಿ ತೊಳೆದೆ. ಬೀಗಿತಿ ಪರೀಕ್ಷೆಗೆ ಬಂದು, ನಡುಮಧ್ಯಾಹ್ನ ಆ ಕೋಣೆಯಲ್ಲಿ ಕೂತು, ಗೋಡೆ ಮುಟ್ಟಿ, ಅಲ್ಲೇ ಒರಗಿ ಗೊರಕೆ ಹೊಡೆದರು. ಎದ್ದವರೇ, ಮಗಳನ್ನು ಎಂದು ಕಳಿಸಲಿ ಅಂತ ನನ್ನ ಹೆಂಡತಿಯನ್ನು ಕೇಳಿದರು, ನನ್ನನ್ನಲ್ಲ. ಬಾಣಂತಿಯ ನೀರು ಗ್ಯಾಸಿನ ಮೇಲೆಯೇ ಕಾಯಿತು. ತಾಯಿ ಮಗು ಇಬ್ಬರೂ ಆ ನೀರು ಮಿಂದು ಊಟದ ಹೊತ್ತಿನ ತನಕ ಏಳುತ್ತಿರಲಿಲ್ಲ. ನನ್ನ ಎಲುಬಿನ ಸಿದ್ಧಾಂತವನ್ನು ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂಬ ಯಾಕೆ ನಿಂತಿತು ಎಂದು ಕೇಳಿದ ನೆರೆಯವರಿಗೆ ಮಾತ್ರ "ಹಿಮಾಲಯದ ಸಲುವಾಗಿ" ಎಂದು ಗಂಭೀರವಾಗಿ ಹೇಳಿದೆ.

ಈಗ ದಿನಾ ಬೆಳಿಗ್ಗೆ ತಾರಸಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಹಿಮ ಬಿದ್ದಂತೆ ಬೆಳ್ಳಗಿದೆ. ಒಂದೇ ಒಂದು ಕಡೆ ಹೊಲಸು ಕಲೆ ಬಿದ್ದಿದೆ, ಎಷ್ಟು ತೊಳೆದರೂ ಮರುದಿನ ಮತ್ತೆ ಅಲ್ಲೇ. ಅಂಗಡಿಯವನನ್ನು ಬೈಯಬೇಕು ಅಂದುಕೊಂಡಿದ್ದೆ. ಹೆಂಡತಿ ಬಂದು ನೋಡಿ, ನನ್ನ ಪಾದಗಳನ್ನು ನೋಡಿ, ಕೆಳಗಿಳಿದಳು. ನಾನು ದಿನಾ ನಿಂತು ಮೆಚ್ಚಿಕೊಳ್ಳುವ ಜಾಗ ಅದು.